ಆಯ್ತಪ್ಪ

"ಎಡಕ್ಕೆ ಅಂದ್ರೆ ನಿಮ್ಮ ಎಡಕ್ಕಲ್ಲ ರೀ, ನನ್ನ ಎಡಕ್ಕೆ!"

ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತವರಲ್ಲಿ ಮೈದುನನ ಗಂಟಲೇ ದೊಡ್ಡದು. ಅವಳು ಮೇಲಿನ ಮೆಟ್ಟಿಲ ಮೇಲೆ ನಿಂತು, ಗೋಡೆಯ ಸುಣ್ಣ ಕಿತ್ತು ಬರುವುದನ್ನು ನೋಡುತ್ತಿದ್ದಳು. ಜೀವಮಾನವಿಡೀ ಪುಟ್ಟ ವಿಮಾನದಲ್ಲಿ ಔಷಧಿ, ಅಂಚೆ ತುಂಬಿಕೊಂಡು ಆಕಾಶದಿಂದ ಇಳಿದ ಗಂಡನನ್ನು ಎರಡನೇ ಮಹಡಿಯಿಂದ ಇಳಿಸಲು ನಾಲ್ಕು ಜನ ಸಾಲುತ್ತಿರಲಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿಕೊಂಡವರು ಒಂದೇ ಮಾತು ಜಗಿಯುತ್ತಿದ್ದರು.

"ವಿಮಾನ ಇಳಿಸೋವಾಗ ಗಾಳಿ ಅಡ್ಡ ಹೊಡೀತಂತೆ. ಇಲ್ಲಾಂದ್ರೆ ನಮ್ಮ ಆಯ್ತಪ್ಪ ತಪ್ಪು ಮಾಡೋನಾ?"

"ಯಮ ಬಂದು ಹೊರಡಪ್ಪಾ ಅಂದಾಗ್ಲೂ ಆಯ್ತು ಅಂದಿರ್ತಾನೆ ಬಿಡಿ."

ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿ ಮುಚ್ಚಿಕೊಂಡರು.

*

ಆ ಹೆಸರಿಟ್ಟವಳು ಅವಳೇ. ಮಗಳಿನ್ನೂ ಕಂಕುಳ ಕೂಸು. ಮೂವರೂ ಪೇಟೆಗೆ ಹೊರಟಿದ್ದಾಗ, "ಇಸ್ತ್ರಿ ಆಫ್ ಮಾಡಿದ್ರಾ?" ಎಂದು ಕೇಳಿದ್ದಳು. "ಆಯ್ತು" ಎಂದಿದ್ದ. ತಿರುಗಿ ಬಂದರೆ ಮನೆ ತುಂಬ ಹೊಗೆ, ಹಾಸಿಗೆಯಲ್ಲಿ ತೂತು.

"ನಾನು ಕೇಳಿದ್ದಾದ್ರೂ ಏನು ಅಂತ ಗೊತ್ತಾ ನಿಮಗೆ?"

"ಆಯ್ತು ಅಂದ್ನಲ್ಲೇ!"

ಅವನು ನಕ್ಕ. ಅಪ್ಪ ನಕ್ಕನೆಂದು ಕೂಸೂ ನಕ್ಕಿತು. ಇಬ್ಬರೂ ನಕ್ಕಮೇಲೆ ಅವಳೊಬ್ಬಳು ಸಿಟ್ಟು ಹಿಡಿದು ಎಷ್ಟು ಹೊತ್ತು ಕೂತಾಳು? "ಹೋಗ್ರೀ ಆಯ್ತಪ್ಪಾ" ಎಂದು ನಕ್ಕುಬಿಟ್ಟಿದ್ದಳು.

*

ಗೇಟಿನ ಬಳಿ ವಿಮಾನ ನಿಲ್ದಾಣದ ಕಂಟ್ರೋಲ್ ರೂಮಿನವನು ನಿಂತಿದ್ದ. ಅವಳನ್ನು ಪಕ್ಕಕ್ಕೆ ಕರೆದ.

"ಅಕ್ಕ, ಫ್ಲೈಯಿಂಗ್ ಕ್ಲಬ್‌ನವರು ಗಾಳಿ ಅಂತ್ಲೇ ಹೇಳು ಅಂದಿದಾರೆ. ಆದ್ರೆ ನಿಮ್ಮ ಹತ್ರ ಸುಳ್ಳು ಹೇಳೋಕೆ ಬಾಯಿ ಬರ್ತಿಲ್ಲ. ಎಲೆ ಕೂಡ ಅಲ್ಲಾಡ್ತಿರ್ಲಿಲ್ಲ. ಮಬ್ಬು ಬೇರೆ, ನನಗೇನೂ ಕಾಣ್ಲಿಲ್ಲ. ಚಕ್ರ ಇಳಿಸಿದ್ರಾ ಅಂತ ಕೇಳ್ದೆ. ಮಾತು ಮುಗಿಯೋಕೆ ಮುಂಚೇನೇ..."

"ಆಯ್ತು ಅಂದ್ರು," ಎಂದು ಅವಳೇ ಮುಗಿಸಿದಳು.

ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಮಗಳು ಬಿಳಿ ಅಂಗಿಯ ತೋಳು ಮಡಚುತ್ತಾ ಬಂದಳು. ಅವಳಿಗೂ ಹೊಸದಾಗಿ ಪೈಲಟ್ ಲೈಸೆನ್ಸ್ ಸಿಕ್ಕಿತ್ತು. ಮಣ್ಣು ಹಾಕುವ ಹೊತ್ತಿಗೆ ಕ್ಲಬ್‌ನ ಇನ್ನೊಂದು ವಿಮಾನದಲ್ಲಿ ಸ್ಮಶಾನದ ಮೇಲೆ ಹಾದುಹೋಗಿ ಅಪ್ಪನಿಗೆ ಕೊನೆಯ ಸಲಾಮು ಹೊಡೆಯುವುದೆಂದು ಮೈದುನನೇ ಏರ್ಪಾಡು ಮಾಡಿದ್ದ.

"ಹಿಂಬಾಗಿಲ ಚಿಲಕ ಹಾಕಬೇ..."

"ಆಯ್ತಮ್ಮ."

ಅವಳು ಮಗಳ ತೋಳು ಹಿಡಿದಳು. "ನಾನೇನು ಹೇಳ್ತಿದ್ದೆ? ಹಾಕಬೇಕು ಅಂತಲೋ, ಹಾಕಬೇಡ ಅಂತಲೋ?"

"ಅಯ್ಯೋ, ಇವತ್ತೂ ಶುರು ಮಾಡ್ಬೇಡ ಅಮ್ಮ. ಹೊತ್ತಾಯ್ತು."

"ನೀನು ಹೋಗ್ಬೇಡ."

"ಅತ್ತಿಗೆ, ಹೋಗ್ಲಿ ಬಿಡಿ," ಎಂದ ಮೈದುನ. "ಅಪ್ಪನ ಹಾಗೇ ಕೈ ಪಳಗಿದೆ ಅವಳದ್ದು."

"ಅಪ್ಪನ ಹಾಗೇ. ಅದಕ್ಕೇ ಬೇಡ ಅನ್ನೋದು." ಅವಳ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಇವರನ್ನ ಕೊಂದದ್ದು ಗಾಳಿಯಲ್ಲ. ಚಕ್ರ ಇಳಿಸಿದ್ರಾ ಅಂತ ಕೇಳಿದ್ದಕ್ಕೆ ಆಯ್ತು ಅಂದ್ರಂತೆ. ಇಳಿಸಿರ್ಲಿಲ್ಲ."

ಚಹಾ ಕಲಕುತ್ತಿದ್ದ ಚಮಚವೊಂದು ನಿಂತಿತು.

"ಅತ್ತಿಗೆ! ಮಣ್ಣಿಗಿಡೋಕೆ ಮುಂಚೆ ಅಣ್ಣನ ಮಾನ ಕಳೀತೀರಲ್ಲ!"

"ಮಾನ ಬೇಕಾದ್ರೆ ಅವರ ಜೊತೆ ಹೋಗ್ಲಿ. ಇವಳು ಹೋಗ್ಬಾರ್ದು."

ಮಗಳು ಅಮ್ಮನ ಮುಖವನ್ನೇ ದುರುದುರು ನೋಡಿ, ಕಾರು ಹತ್ತಿ ಹೊರಟೇಹೋದಳು.

*

ವಿಮಾನ ಬಂದಾಗ ಪೆಟ್ಟಿಗೆ ಗುಂಡಿಯೊಳಗಿತ್ತು. ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ಶಹಬ್ಬಾಸ್ ಮಗಳೇ!" ಎಂದು ಮೈದುನ ಬಿಕ್ಕಿದ. ವಿಮಾನ ರೆಕ್ಕೆ ವಾಲಿಸಿ, ಊರಾಚೆಯ ನಿಲ್ದಾಣದ ಕಡೆ ತಿರುಗಿ, ಮರಗಳ ಸಾಲಿನತ್ತ ತಗ್ಗತೊಡಗಿತು. ನೋಡಿದ್ದು ಸಾಕೆಂಬಂತೆ ಕೈಗಳೆಲ್ಲ ಕೆಳಗಿಳಿದು ಮಣ್ಣಿಗೆ ಬಾಗಿದವು.

ಅವಳು ಮಾತ್ರ ತಲೆ ಇಳಿಸಲಿಲ್ಲ. ವಿಮಾನದ ಹೊಟ್ಟೆ ಮೀನಿನ ಹೊಟ್ಟೆಯಂತೆ ನುಣ್ಣಗಿತ್ತು. ಮರದ ತುದಿಗೂ ಅದಕ್ಕೂ ಒಂದು ಗೇಣಿನಷ್ಟು ಬೆಳಕು ಉಳಿದಿದ್ದಾಗ ಕಪ್ಪಗೆ ಏನೋ ಹೊರಬಂತು. ಒಂದು ಚಕ್ರ.

ಹಿಡಿಯೊಳಗಿನ ಮಣ್ಣನ್ನು ಬಿಗಿಹಿಡಿದು ಅವಳು ಇನ್ನೊಂದಕ್ಕೆ ಕಾದಳು.