ಹದಿನೇಳನೇ ಇಲಿಯ ಅಳತೆ

“ಮೇಡಮ್ಮೋರ, ಹದಿನೇಳು ತಿನ್ನೂದು ಬಿಟ್ಟೈತ್ರಿ.” ಲ್ಯಾಬಿನ ಇಲಿಗಳನ್ನು ನೋಡಿಕೊಳ್ಳುವ ಸಂಗಣ್ಣ ಪಂಜರವನ್ನು ಮೇಜಿನ ಮೇಲಿಟ್ಟ. “ಮೈ ಮುದುಡಿಕೊಂಡು ಮೂಲ್ಯಾಗ ಕುಂತೈತಿ.”

ಕ್ಯಾನ್ಸರ್ ಪ್ರಯೋಗ ನಡೆಸುತ್ತಿದ್ದ ತಾರಾ ಇಲಿಗೆ ಅನಿಲದಿಂದ ಮತ್ತು ಬರಿಸಿ, ಸಣ್ಣ ತೊಟ್ಟಿಯಲ್ಲಿ ಮಲಗಿಸಿ, ಯಂತ್ರದೊಳಕ್ಕೆ ಕಳಿಸಿದಳು. ಸಾಸಿವೆಗಿಂತ ಚಿಕ್ಕ ಗಂಟನ್ನೂ ತೋರಿಸುವ ಎಕ್ಸ್‌ರೇ ಅದು.

“ನಮ್ಮ ಹುಮನಾಬಾದದಾಗ ಇಲಿ ಕಂಡ್ರ ಬೋನು ಇಡ್ತೀವ್ರಿ. ಇಲ್ಲಿ ವಾರಕ್ಕೊಂದು ಫೋಟೋ! ನಮ್ಮವ್ವಂದು ಸೈತ ಇಷ್ಟು ಸಲ ತಗಿಸಿಲ್ಲ.”

ತಾರಾ ನಗಲಿಲ್ಲ. ನಗುವುದಿಲ್ಲವೆಂದು ಗೊತ್ತಿದ್ದೂ ಅವನು ದಿನಕ್ಕೊಂದು ಮಾತು ಎಸೆಯುತ್ತಿದ್ದ.

ಪರದೆಯ ಮೇಲೆ ಶ್ವಾಸಕೋಶ ಮೂಡಿತು, ಬಲಗಡೆ ಗಂಟು. ಗಂಟು ಮೂರು ಮಿಲಿಮೀಟರ್ ದಾಟಿದರೆ ಇಲಿಯನ್ನು ನರಳಲು ಬಿಡಬಾರದು, ಅದೇ ದಿನ ಮುಗಿಸಬೇಕೆಂಬುದು ನಿಯಮ. ಮೂರು ವಾರಗಳಿಂದ ತಾರಾ ಎರಡು ಪಾಯಿಂಟ್ ಒಂಬತ್ತು ಎಂದೇ ಬರೆಯುತ್ತಿದ್ದಳು. ಗಂಟಿನ ಸುತ್ತಲ ಮಸುಕನ್ನು ಬಿಟ್ಟು ಒಳಗಿನ ದಟ್ಟ ಭಾಗವನ್ನಷ್ಟೇ ಅಳೆಯುತ್ತಿದ್ದಳು. ಇದೊಂದು ಇಲಿ ಉಳಿಯಲೆಂಬ ಆಸೆಯನ್ನು ತನ್ನೊಳಗೇ ಒಪ್ಪಿಕೊಂಡಿರಲಿಲ್ಲ.

“ಎಷ್ಟೈತ್ರಿ?”

“ಎರಡು ಪಾಯಿಂಟ್ ಒಂಬತ್ತು.”

“ಮತ್ತ ಸುತ್ತ ಬೆಳ್ಳಗ ಕಾಣೂದು?”

“ಅದು ಗಂಟಲ್ಲ ಸಂಗಣ್ಣ. ಉಸಿರಾಡುವಾಗ ಎದೆ ಅಲ್ಲಾಡುತ್ತಲ್ಲ, ಅದರ ಮಸುಕು.”

ಎರಡು ವರ್ಷದ ಹಿಂದೆ ಗಂಡ ಮನೋಜನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರು ಹೇಳಿದ್ದೂ ಇದನ್ನೇ. ಸರಿಯಾಗಿ ಉಸಿರು ಹಿಡಿದಿಲ್ಲ, ಅದರ ಮಸುಕು. ಮರುದಿನವೇ ಮನೋಜ ಕೆಮ್ಮುತ್ತ ಹೈಟೆಕ್ ಸಿಟಿಯ ಆಫೀಸಿಗೆ ಹೋದ. ಹೊಸ ಪ್ರಾಜೆಕ್ಟು ಶುರುವಾಗಿತ್ತು. ನಾಲ್ಕು ತಿಂಗಳ ನಂತರ ಅದು ಗಂಟೆಂಬ ನಿಜ ತಿಳಿದಾಗ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅಂದು ಆ ಚಿತ್ರವನ್ನು ತಾರಾಳೂ ನೋಡಿದ್ದಳು. ಅಳೆಯಬಲ್ಲವಳು. ಡಾಕ್ಟರ ಮಾತು ಹಿತವಾಗಿತ್ತು, ನಂಬಿದ್ದಳು.

ಅವಳು ಮತ್ತೆ ಪರದೆ ನೋಡಿದಳು. ಪಕ್ಕೆಲುಬುಗಳು ಒಂದೊಂದೂ ಗೆರೆ ಎಳೆದಷ್ಟು ಸ್ಪಷ್ಟ. ಉಸಿರಿನಿಂದಾಗಿದ್ದರೆ ಅವೂ ಮಸುಕಾಗಬೇಕಿತ್ತು.

ಅಳತೆಯ ಗೆರೆಯನ್ನು ಮಸುಕಿನ ಹೊರ ಅಂಚಿನಿಂದ ಎಳೆದಳು. ಮೂರು ಪಾಯಿಂಟ್ ಏಳು. ಹಿಂದಿನ ಮೂರು ವಾರಗಳ ಚಿತ್ರಗಳನ್ನೂ ತೆರೆದು ಅಳೆದು, ಹಳೆಯ ಅಂಕಿಗಳನ್ನು ಹೊಡೆದುಹಾಕಿ, ಪ್ರತಿಯೊಂದರ ಪಕ್ಕ ‘ನನ್ನ ತಪ್ಪು’ ಎಂದು ಬರೆದು ಸಹಿ ಮಾಡಿದಳು.

“ಇವತ್ತೇ ಸಂಗಣ್ಣ.”

“ನಾ ಮಾಡ್ತೀನ್ರಿ. ನೀವು ಚಾ ಕುಡದು ಬರ್ರಿ.”

“ಬೇಡ.”

ಇಲಿಗೆ ಇನ್ನೂ ಎಚ್ಚರವಾಗಿರಲಿಲ್ಲ. ತಾರಾ ಮತ್ತಿನ ಅನಿಲದ ಗುಂಡಿಯನ್ನು ಪೂರ್ತಿ ತಿರುಗಿಸಿ ಎದೆಯ ಮೇಲೆ ಬೆರಳಿಟ್ಟಳು. ಅಲ್ಲಾಟ ನಿಂತ ಮೇಲೂ ತೆಗೆಯಲಿಲ್ಲ. ಸಂಗಣ್ಣ ಖಾಲಿ ಪಂಜರವನ್ನು ತೊಳೆಯಲು ಒಯ್ದ.