ಎರಡು ಪಟ್ಟು ಎತ್ತರದ ಗುಡ್ಡ

ನಾನು ಒಂದು ಗುಡ್ಡದ ಚಿತ್ರ. ಬಳ್ಳಾರಿ ಸೀಮೆಯ ಒಂದು ಊರಿನಲ್ಲಿ, ಗಟ್ಟಿ ಬಟ್ಟೆಯ ಮೇಲೆ ಹುಟ್ಟಿದೆ. ನನ್ನನ್ನು ಬರೆದವರು ಶಾಲೆಯ ಡ್ರಾಯಿಂಗ್ ಮಾಸ್ತರು ಪಂಪಾಪತಿ. ಎದುರಿಗಿದ್ದ ನವಿಲುಗುಡ್ಡವನ್ನು ನೋಡಿಯೇ ಬರೆದರು, ಆದರೆ ಇದ್ದಂತೆ ಬರೆಯಲಿಲ್ಲ. ಎರಡು ಪಟ್ಟು ಎತ್ತರಿಸಿದರು, ನೆತ್ತಿಗೆ ಮೋಡ ಸುತ್ತಿದರು. ಬುಡದ ಒರತೆಯಲ್ಲಿ ನೀರು ತುಂಬುತ್ತಿದ್ದ ದುರುಗಮ್ಮನನ್ನು ಇರುವೆಯಷ್ಟು ಮಾಡಿದರು.

"ಏನ್ ಮಾಸ್ತರೇ, ನಮ್ ಗುಡ್ಡ ಇಷ್ಟೆತ್ರ ಎಲ್ಲೈತ್ರಿ?" ಎಂದು ದುರುಗಮ್ಮ ನಕ್ಕಳು.

"ಎದುರು ನಿಂತಾಗ ಎದಿಗೆ ಇಷ್ಟೇ ಎತ್ರ ಅನಿಸ್ತೈತಮ್ಮ," ಎಂದರು ಮಾಸ್ತರು.

ನನಗೆ ಜಂಬವೋ ಜಂಬ. ಶಾಲೆಯ ಗೋಡೆಯ ಮೇಲೆ ಇಪ್ಪತ್ತು ವರ್ಷ ಎದೆಯುಬ್ಬಿಸಿ ನಿಂತೆ. ಕಿಟಕಿಯಾಚೆಯ ನಿಜವಾದ ಗುಡ್ಡವನ್ನು ಕಂಡರೆ, 'ಪಾಪ, ಗಿಡ್ಡ' ಅಂದುಕೊಳ್ಳುತ್ತಿದ್ದೆ.

ಆಮೇಲೆ ಅದಿರಿನ ಗಣಿ ಬಂತು. ಗುಡ್ಡ ಅರ್ಧವಾಯಿತು. ಅಗೆದ ಮಣ್ಣು ಸುರಿದು ಸುರಿದು ಒರತೆ ಮುಚ್ಚಿಹೋಯಿತು. "ಅಲ್ಲಿ ಒರತೆಯೇ ಇರಲಿಲ್ಲ," ಎಂದರು ಗಣಿಯವರು. ಇತ್ತೆಂದು ತೋರಿಸಿದರೆ ಮಣ್ಣು ತೆಗೆಸುತ್ತೇವೆ, ಬಾಯಿಮಾತು ನಡೆಯುವುದಿಲ್ಲ ಎಂದರು ಕಚೇರಿಯವರು. ಊರಿಗೆ ಬೇರೆ ನೀರಿರಲಿಲ್ಲ, ಬೇರೆ ಪುರಾವೆಯೂ ಇರಲಿಲ್ಲ. ನಾನಿದ್ದೆ. ದುರುಗಮ್ಮ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಆ ಕಚೇರಿಗೆ ಒಯ್ದಳು. ಮುದುಕರಾಗಿದ್ದ ಮಾಸ್ತರೂ ಬಂದರು.

ಸಾಹೇಬರು ನನ್ನ ಪಕ್ಕದಲ್ಲಿ ಹಳೆಯ ಸರ್ವೆ ನಕಾಶೆ ಬಿಚ್ಚಿದರು. ಅದರಲ್ಲಿ ಗುಡ್ಡದ ಎತ್ತರ ಬರೆದಿತ್ತು, ಒರತೆ ಇರಲಿಲ್ಲ.

"ಗುಡ್ಡ ಇಷ್ಟು ಎತ್ತರ ಇತ್ತೇನ್ರಿ ಮಾಸ್ತರೇ?"

ಮಾಸ್ತರಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಇಲ್ರಿ. ಅದನ್ನ ನಾನೇ ಎತ್ತರಿಸೀನಿ."

"ಹಾಗಾದ್ರೆ ಒರತೇನೂ ನೀವೇ ಹರಿಸಿರ್ತೀರಿ."

"ಒರತಿ ಇತ್ರಿ! ನಾ ಕುಡ್ದೀನ್ರಿ..." ಎಂದಳು ದುರುಗಮ್ಮ. ಸಾಹೇಬರು ಫೈಲು ಮುಚ್ಚಿದರು.

ನಾನು ಕಿರುಚಬೇಕೆಂದುಕೊಂಡೆ. ಮಾಸ್ತರು ನನ್ನಲ್ಲಿ ಇದ್ದದ್ದನ್ನು ಇದ್ದಂತೆ ಬರೆದದ್ದು ಆ ಒರತೆಯೊಂದನ್ನೇ. ಬಣ್ಣಕ್ಕೆಲ್ಲಿ ಬಾಯಿ? "ಚಿತ್ರ ಮಾತ್ರ ಚೆನ್ನಾಗಿದೆ, ಇಲ್ಲೇ ಇರಲಿ," ಎಂದರು ಸಾಹೇಬರು. ಬೇಡವೆನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಈಗ ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿದ್ದೇನೆ. ಬಣ್ಣ ಬಿರುಕು ಬಿಟ್ಟಿದೆ. ಇದ್ದಷ್ಟೇ ಎತ್ತರ ಬರೆದಿದ್ದರೆ ನನ್ನನ್ನು ಯಾರೂ ಹೊಗಳುತ್ತಿರಲಿಲ್ಲ, ಊರಿಗೆ ನೀರಾದರೂ ಸಿಗುತ್ತಿತ್ತು.

ಮೊನ್ನೆ ದುರುಗಮ್ಮ ಟ್ಯಾಂಕರ್ ನೀರಿಗೆ ಅರ್ಜಿ ಹಿಡಿದು ಬಂದಿದ್ದಳು. ಅಲ್ಲಿ ಕೂತಿದ್ದ ಯಾರೋ ನನ್ನನ್ನು ನೋಡಿ, "ಆಹಾ, ಏನು ಭವ್ಯವಾದ ಗುಡ್ಡ!" ಎಂದರು. "ಮುಂದಿನ ವಾರ ಬಾಮ್ಮ," ಎಂದು ಸಾಹೇಬರು ದುರುಗಮ್ಮನಿಗೆ ಹೇಳಿದರು. ಅವಳು ತಲೆ ತಗ್ಗಿಸಿ ಹೋದಳು. ನಾನು ಭವ್ಯವಾಗಿ ನೇತಾಡುತ್ತಲೇ ಇದ್ದೆ.