ಕಪಾಟಿನ ಮುಂದೆ ಕ್ರೇನಿನವನು

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಓಡಾಟ. ಬಾಗಿಲ ಹತ್ತಿರ ಬಂದಾಗ ಯಾಕೆ ಬಂದೆ ಎನ್ನುವುದೇ ಮರೆತಿರುತ್ತಿತ್ತು. ಆಗ ಬಾಗಿಲನ್ನೇ ಬೈಯುತ್ತಿದ್ದೆ. ಕಿಟಕಿಯಿಂದ ನೋಡಿದರೆ ನಮ್ಮ ಬೀದಿಯ ತುದಿಯಲ್ಲಿ ಏಳುತ್ತಿದ್ದ ಕಟ್ಟಡ, ಅದರ ಪಕ್ಕ ನನ್ನ ಕ್ರೇನು. ನಾನು ಕೂತು ಅದನ್ನು ನಡೆಸುತ್ತಿದ್ದ ಮೇಲಿನ ಗೂಡಿನಲ್ಲಿ ಬೇರೆ ಯಾವನೋ ಕೂತಿದ್ದ. ಅವನು ಕ್ರೇನಿನ ತೋಳು ತಿರುಗಿಸಿದಾಗಲೆಲ್ಲ ನನ್ನ ಬೆರಳುಗಳು ತಾವಾಗಿಯೇ ಅಲ್ಲಾಡುತ್ತಿದ್ದವು. ಸೈಟಿನಲ್ಲಿ ಎಲ್ಲರೂ ನನ್ನನ್ನು ಹದ್ದು ಎಂದೇ ಕರೆಯುತ್ತಿದ್ದರು. ಈಗ ರೆಕ್ಕೆ ಕಟ್ಟಿಹಾಕಿದ ಕೋಳಿಯಾಗಿದ್ದೆ.

ಎದೆಗೆ ಸೋಂಕು ಇಳಿದು, ಉಸಿರಾಟದ ಯಂತ್ರ ಹಾಕಿ, ಬದುಕಿದ್ದೇ ಹೆಚ್ಚು ಎಂದು ವೈದ್ಯರೇ ಹೇಳಿದ್ದರು. ಮೈ ಮನೆಗೆ ಬಂದಿತ್ತು, ತಲೆ ಇನ್ನೂ ದಾರಿಯಲ್ಲೇ ಇತ್ತು. ಅದಕ್ಕೆ ಕಸರತ್ತು ಮಾಡಿಸಲು ಥೆರಪಿಸ್ಟ್ ಮೇಡಂ ಒಂದು ಹೆಡ್‌ಸೆಟ್ ಕೊಟ್ಟು ಕಳಿಸಿದರು. ಕಣ್ಣು ಪೂರ್ತಿ ಮುಚ್ಚುವ ದಪ್ಪ ಕನ್ನಡಕ ಅದು. ಹಾಕಿಕೊಂಡರೆ ನಾನೊಂದು ಅಡುಗೆಮನೆಯ ಮಧ್ಯೆ ನಿಂತಿರುತ್ತೇನೆ. ಗೋಡೆ ತುಂಬ ಕಪಾಟು. ಯಾವುದರಲ್ಲಿ ಏನಿದೆ ಎಂದು ಒಮ್ಮೆ ತೋರಿಸಿ ಬಾಗಿಲು ಮುಚ್ಚಿಬಿಡುತ್ತದೆ. ಆಮೇಲೆ ಕತ್ತರಿ ತೆಗೆಯಿರಿ, ಲೋಟ ತೆಗೆಯಿರಿ ಎಂದು ಒಂದು ದನಿ ಹೇಳುತ್ತದೆ. ಗೆದ್ದಷ್ಟೂ ಕಪಾಟುಗಳು ಹೆಚ್ಚುತ್ತವೆ. ಕೊನೆಗೆ ಆಸ್ಪತ್ರೆಯಲ್ಲಿ ಇದರದೇ ಪರೀಕ್ಷೆ. ಅದರಲ್ಲಿ ಪಾಸಾದರೆ ಮಾತ್ರ ಕ್ರೇನು ಹತ್ತಲು ವೈದ್ಯರ ಒಪ್ಪಿಗೆ.

ಮೊದಲ ದಿನ ಹಾಕಿದ ತಕ್ಷಣ ಕಿತ್ತೆಸೆದೆ. ಮುಖಕ್ಕೆ ಏನೋ ಬಿಗಿದಂತಾದ ಕೂಡಲೇ ಆ ಆಸ್ಪತ್ರೆಯ ಹಾಸಿಗೆ, ಆ ಬೀಪ್ ಸದ್ದು, ಚಾವಣಿಯಲ್ಲಿ ಹರಿದಾಡಿದ ಇಲ್ಲದ ಹುಳಗಳು, ಎಲ್ಲ ಮೈಮೇಲೆ ಬಂದವು. ಹೆಂಡತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ತಾನಿದ್ದೇನೆ ಎಂದು ನನಗೆ ತಿಳಿಯಲಿ ಎಂದು ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ನಾನು ಒಳಗೆ ನೋಡುವುದೆಲ್ಲ ಅವಳ ಕೈಯ ಟ್ಯಾಬ್ಲೆಟ್‌ನಲ್ಲಿಯೂ ಕಾಣುತ್ತಿತ್ತು.

ಅಲ್ಲಿಂದ ನನ್ನ ಅಂಕ ಏರಿದ್ದೇ ಏರಿದ್ದು. ಮೇಡಂ ಫೋನು ಮಾಡಿ ಹೊಗಳಿದರು. ನಾನೂ ಉಬ್ಬಿಹೋದೆ.

ಒಂದು ಬೆಳಿಗ್ಗೆ ಕರೆಗಂಟೆ ಸದ್ದಾಯಿತು, ಅವಳು ಎದ್ದುಹೋದಳು. ದನಿ ಬಾಣಲೆ ಕೇಳಿತು. ನನ್ನ ಕೈ ಕಪಾಟುಗಳ ಮುಂದೆ ಗಾಳಿಯಲ್ಲೇ ನಿಂತಿತು. ಎಡಕ್ಕೂ ಹೋಗದು, ಬಲಕ್ಕೂ ಹೋಗದು. ಅವಳು ವಾಪಸು ಬಂದು ಕೂತಳು. ಕೈ ಒಂದು ಬಾಗಿಲ ಮುಂದೆ ಹಾಯುವಾಗ ಅವಳ ಗಂಟಲಿನ ಸದ್ದು ಬಂತು. ಕೈ ಅದನ್ನೇ ತೆರೆಯಿತು. ಒಳಗೆ ಬಾಣಲೆ ಇತ್ತು. ಇಷ್ಟು ದಿನ ಕಪಾಟು ಹುಡುಕಿದ್ದು ನನ್ನ ತಲೆಯಲ್ಲ, ಅವಳ ಗಂಟಲು.

ಇದು ನನ್ನ ಕಸುಬಿನ ಚಾಳಿ. ಕ್ರೇನಿನವನಿಗೆ ಎಷ್ಟೋ ಸಲ ತಾನು ಎತ್ತಿದ ಸಾಮಾನೇ ಕಾಣುವುದಿಲ್ಲ, ಗೋಡೆ ಅಡ್ಡ ಬಂದಿರುತ್ತದೆ. ಕೆಳಗೆ ನಿಂತ ಸಿಗ್ನಲಿನವನು ರೇಡಿಯೋದಲ್ಲಿ ಎಡಕ್ಕೆ ಎಂದರೆ ಎಡಕ್ಕೆ, ಇಳಿಸು ಎಂದರೆ ಇಳಿಸಬೇಕು. ಸ್ವಂತ ಬುದ್ಧಿ ಓಡಿಸಬಾರದು. ಇಷ್ಟು ವರ್ಷ ಹಾಗೆ ಪಳಗಿದ ಕೈ, ಇವಳ ಗಂಟಲಿಗೂ ಹಾಗೆಯೇ ಪಳಗಿತ್ತು. ಅವಳಿಗಾದರೂ ಗೊತ್ತಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದರೆ ಅವಳು ನಿಲ್ಲಿಸಿಬಿಟ್ಟರೆ ಎನ್ನುವ ಭಯ ನನಗೆ.

ಪರೀಕ್ಷೆಯ ದಿನ ನನಗೆ ಹೆದರಿಕೆಯಾಗುತ್ತದೆ ಎಂದು ಮೇಡಂ ಅವಳನ್ನೂ ಒಳಗೆ ಬಿಟ್ಟರು. ಗೋಡೆಯ ಪರದೆಯಲ್ಲಿ ಎಲ್ಲ ಕಾಣುವ ಹಾಗೆ ನನ್ನ ಹಿಂದೆ ಅವಳ ಕುರ್ಚಿ. ಶುರುವಾಯಿತು. ಕತ್ತರಿ ಸಿಕ್ಕಿತು, ಕೀಲಿಕೈ ಸಿಕ್ಕಿತು, ಒಂದೂ ತಪ್ಪಲಿಲ್ಲ. ಪ್ರತಿ ಸಲವೂ ಹಿಂದಿನಿಂದ ಆ ಸಣ್ಣ ಸದ್ದು. ನನಗೆ ಕ್ರೇನಿನ ಗೂಡು ಕಾಣತೊಡಗಿತು, ಲಿವರುಗಳ ತಣ್ಣನೆ ಹಿಡಿ ಅಂಗೈಗೆ ಬಂದಂತಾಯಿತು. ಆಮೇಲೆ ಕೆಳಗೆ ಓಡಾಡುವ ಹಳದಿ ಟೋಪಿಗಳು ಕಂಡವು. ರೇಡಿಯೋ ಕೆಟ್ಟ ದಿನ ಅವರ ತಲೆಯ ಮೇಲೆ ಕಬ್ಬಿಣದ ಕಟ್ಟು ತೂಗುತ್ತಿರುವಾಗ ನನ್ನ ಹೆಂಡತಿ ಎಲ್ಲಿ ನಿಂತು ಕೆಮ್ಮುತ್ತಾಳೆ?

ನಮ್ಮ ಸೈಟಿನಲ್ಲಿ ಒಂದು ನಿಯಮವಿದೆ. ಎತ್ತು, ಇಳಿಸು ಎಂದು ಸಿಗ್ನಲಿನವನು ಮಾತ್ರ ಹೇಳಬೇಕು. ನಿಲ್ಲಿಸು ಎಂದು ಯಾರು ಬೇಕಾದರೂ ಹೇಳಬಹುದು.

"ನಿಲ್ಸಿ," ಎಂದೆ. ಹೆಡ್‌ಸೆಟ್ ತೆಗೆದೆ. ಮೇಡಂಗೆ ಎಲ್ಲ ಹೇಳಿದೆ. ಹೆಂಡತಿಯ ಮುಖ ಬಿಳಿಚಿಕೊಂಡಿತು.

"ನಾನು ಬೇಕೂಂತ ಮಾಡ್ಲಿಲ್ಲ ರೀ. ನಿಮ್ ಕೈ ಸರಿಯಾದ ಬಾಗ್ಲ ಹತ್ರ ಬಂದಾಗ ನನ್ ಗಂಟ್ಲು ತಾನಾಗೇ ಬಿಗಿಯೋದು."

"ಗೊತ್ತು ಕಣೆ. ನೀನು ಸ್ವಲ್ಪ ಹೊರಗಿರು."

ಅವಳು ಹೋದ ಮೇಲೆ ಮತ್ತೆ ಮಾಡಿದೆವು. ಮರ್ಯಾದೆಗೆಟ್ಟು ಸೋತೆ. ಬೆವರಿಳಿಯಿತು, ಕೊನೆಕೊನೆಗೆ ಮೇಡಂ ಕೂಡ ಬೇರೆ ಕಡೆ ನೋಡುತ್ತಿದ್ದರು. ಎಲ್ಲ ಮೊದಲ ಹಂತದಿಂದ ಎಂದರು. ನನ್ನ ಕ್ರೇನಿನ ಗೂಡಿನಲ್ಲಿ ಕೂತವನು ಸದ್ಯಕ್ಕೆ ಇಳಿಯುವುದಿಲ್ಲ ಎಂದಾಯಿತು. ದಾರಿಯಲ್ಲಿ ನನಗೆ ಅಳು ಬಂತು.

ಮರುದಿನ ಕನ್ನಡಕ ಹಾಕಿಕೊಂಡೆ. ಕಪಾಟುಗಳು ಈಗ ಬೆರಳೆಣಿಕೆಯಷ್ಟೇ. ಮನೆಯಲ್ಲಿ ಒಂದು ಸದ್ದೂ ಇಲ್ಲ. ಟ್ಯಾಬ್ಲೆಟ್ ಅವಳು ಬೇರೆ ಕೋಣೆಯಲ್ಲಿ ಇಟ್ಟುಬಂದಿದ್ದಳು. ಕನ್ನಡಕ ಮುಖ ಒತ್ತತೊಡಗಿತು, ಬೀಪ್ ಸದ್ದು ದೂರದಿಂದ ಹತ್ತಿರವಾಯಿತು.

"ಇದೀಯಾ?" ಎಂದೆ.

ನನ್ನ ಬೆನ್ನಿನ ಮೇಲೆ ಅವಳ ಅಂಗೈ ಬಂದು ಕೂತಿತು. ಅದು ಎಡಕ್ಕೂ ಒತ್ತಲಿಲ್ಲ, ಬಲಕ್ಕೂ ಒತ್ತಲಿಲ್ಲ, ಸುಮ್ಮನೆ ಬೆಚ್ಚಗೆ ಇತ್ತು. ದನಿ ಲೋಟ ಕೇಳಿತು. ನಾನು ಎಷ್ಟೋ ಹೊತ್ತು ಯೋಚಿಸಿ ಒಂದು ಬಾಗಿಲು ತೆರೆದೆ.

ಒಳಗೆ ಛತ್ರಿ ಇತ್ತು. ನಾನು ನಕ್ಕೆ, ಪಕ್ಕದ ಬಾಗಿಲಿಗೆ ಕೈ ಹಾಕಿದೆ.